ಹಾಸನ, ಚಿಕ್ಕಮಗಳೂರು ಕಡೆಯಿಂದ ಮ್ಯೂಸಿಕ್ ಪ್ರೊಡಕ್ಷನ್ ಓದಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ವಾರ ನನಗೆ ಕೆಲಸ ಸಾಗುವುದಿಲ್ಲ. ಹಾಸನದ ಒಂದು ಹಳೆಯ ಮನೆಯ ಹಿತ್ತಲಿಗೆ ಅಂಟಿಕೊಂಡ, ಶೀಟು ಹೊದಿಸಿದ ಕೋಣೆಯಲ್ಲಿ ನಾನು ಧ್ವನಿಮುದ್ರಣ ಮಾಡುತ್ತೇನೆ. ಭಜನೆ, ಭಾವಗೀತೆ, ಮದುವೆ ವಿಡಿಯೋದ ಹಿನ್ನೆಲೆ ಸಂಗೀತ, ಚುನಾವಣೆ ಬಂತೆಂದರೆ ಆಟೋದ ಮೇಲೆ ಕಿರುಚುವ ಪ್ರಚಾರದ ಹಾಡು, ಎಲ್ಲವೂ ಇಲ್ಲೇ. ಸಕಲೇಶಪುರ, ಮೂಡಿಗೆರೆ, ಕಡೂರು, ಅರಸೀಕೆರೆ ಕಡೆಯ ಹುಡುಗ ಹುಡುಗಿಯರು ತಾವು ಕಟ್ಟಿದ ಟ್ರ್ಯಾಕ್ ಮೊಬೈಲಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಎರಡು ದಿನ ಬಿಟ್ಟು ಅವರ ಅಪ್ಪ ಒಬ್ಬರೇ ಬರುತ್ತಾರೆ. ಮಕ್ಕಳ ಪ್ರಶ್ನೆಗಳೇ ಬೇರೆ, ಅಪ್ಪಂದಿರ ಪ್ರಶ್ನೆಗಳೇ ಬೇರೆ. ಆದರೆ ವರ್ಷ ವರ್ಷವೂ ಅವೇ. ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದಿಟ್ಟಿದ್ದೇನೆ.

ಮ್ಯೂಸಿಕ್ ಪ್ರೊಡಕ್ಷನ್ ಎಂದರೆ ನಿಜಕ್ಕೂ ಏನು?

ಪ್ರೊಡ್ಯೂಸರ್ ಎಂದೊಡನೆ ನಮ್ಮ ಕಡೆ ದುಡ್ಡು ಹಾಕುವ ಸಿನಿಮಾ ನಿರ್ಮಾಪಕರೇ ಕಣ್ಣ ಮುಂದೆ ಬರುತ್ತಾರೆ. ಆಲೂರು ಕಡೆಯ ಒಬ್ಬ ತಂದೆ ‘ಅಷ್ಟು ದುಡ್ಡು ನಮ್ಮಲ್ಲಿಲ್ಲ ಸಾರ್’ ಎಂದು ಕಾಫಿಯನ್ನೂ ಕುಡಿಯದೆ ಎದ್ದುಬಿಟ್ಟಿದ್ದರು. ಇದು ಆ ನಿರ್ಮಾಣವಲ್ಲ. ಹಾಡೊಂದು ಯಾರದೋ ಗುನುಗಿನಲ್ಲಿ ಹುಟ್ಟಿ ಕೇಳುಗರ ಕಿವಿ ಮುಟ್ಟುವವರೆಗಿನ ಅಷ್ಟೂ ಕೆಲಸ ಇದರಲ್ಲಿದೆ. ಯಾವ ವಾದ್ಯ ಬೇಕು, ಹಾಡುವವರಿಗೆ ಯಾವ ಶ್ರುತಿ ಹೊಂದುತ್ತದೆ, ಮೈಕ್ ಎಲ್ಲಿಡಬೇಕು, ಹತ್ತು ಸಲ ಹಾಡಿದ್ದರಲ್ಲಿ ಯಾವುದನ್ನು ಉಳಿಸಬೇಕು, ಆಮೇಲೆ ಎಲ್ಲವನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್, ಕೊನೆಗೆ ಹಾಡನ್ನು ಬಿಡುಗಡೆಗೆ ಒಪ್ಪ ಮಾಡುವ ಮಾಸ್ಟರಿಂಗ್.

ಕೋರ್ಸಿನ ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು: ಸೌಂಡ್ ಎಂಜಿನಿಯರಿಂಗ್, ಆಡಿಯೋ ಎಂಜಿನಿಯರಿಂಗ್, ಮ್ಯೂಸಿಕ್ ಟೆಕ್ನಾಲಜಿ, ಸೌಂಡ್ ಡಿಸೈನ್. ಹೆಸರಿಗೆ ಮರುಳಾಗದೆ ವಿಷಯಪಟ್ಟಿ ತರಿಸಿಕೊಂಡು ಓದಿ. ಸಂಗೀತ ಕಟ್ಟುವುದಕ್ಕೆ ಒತ್ತು ಕೊಡುವ ಕೋರ್ಸಿಗೂ ಧ್ವನಿ ಹಿಡಿಯುವುದಕ್ಕೆ ಒತ್ತು ಕೊಡುವ ಕೋರ್ಸಿಗೂ ಅಜಗಜಾಂತರ.

ಎಲ್ಲವೂ ಯೂಟ್ಯೂಬಿನಲ್ಲಿ ಇರುವಾಗ ಕಾಲೇಜಿಗೆ ಯಾಕೆ ಹೋಗಬೇಕು?

ಸಾಫ್ಟ್‌ವೇರ್ ಕಲಿಯಲಿಕ್ಕಾದರೆ ಹೋಗಬೇಡಿ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಮೂಡಿಗೆರೆಯ ನಿಮ್ಮ ಮನೆಯ ಜಗಲಿಯಲ್ಲೇ ಕುಳಿತು ಆರು ತಿಂಗಳಲ್ಲಿ ಕಲಿಯಬಹುದು. ಅದನ್ನೇ ಮೂರು ವರ್ಷ ಕಲಿಸುವ ಸಂಸ್ಥೆಗಳೂ ಇವೆ, ಅವುಗಳಿಂದ ದೂರವಿರಿ.

ಯೂಟ್ಯೂಬ್ ಕೊಡಲಾರದ್ದು ಮೂರು. ಒಂದು, ಸರಿಯಾಗಿ ಕಟ್ಟಿದ ಕೋಣೆ. ನಮ್ಮ ಊರುಗಳಲ್ಲಿ ಹುಡುಗರು ಮಿಕ್ಸ್ ಮಾಡುವುದು ಸಾಮಾನ್ಯವಾಗಿ ಹತ್ತಡಿಗೆ ಹತ್ತಡಿಯ ಮಲಗುವ ಕೋಣೆಯಲ್ಲಿ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಸುಮಾರು 56 ಹರ್ಟ್ಸ್ (ಸೆಕೆಂಡಿಗೆ 56 ಕಂಪನ) ಹತ್ತಿರದ ಮಂದ್ರ ಧ್ವನಿ ಆ ಗೋಡೆಗಳ ನಡುವೆ ಸಿಕ್ಕಿಕೊಂಡು ಉಬ್ಬುತ್ತದೆ. ಉದ್ದ ಅಗಲ ಒಂದೇ ಆದಾಗ ತೊಂದರೆ ಇಮ್ಮಡಿ. ಗೋಡೆಗೆ ಒರಗಿ ಕುಳಿತರೆ ಬೇಸ್ ಗುಡುಗುತ್ತದೆ, ಕೋಣೆಯ ನಡುವೆ ಕುಳಿತರೆ ಮಾಯವಾಗುತ್ತದೆ. ಹುಡುಗ ಅದನ್ನು ಹಾಡಿನ ದೋಷವೆಂದು ತಿಳಿದು ತಿದ್ದುತ್ತಾ ಹೋಗುತ್ತಾನೆ. ಅವನು ತಿದ್ದುತ್ತಿರುವುದು ಅವನ ಕೋಣೆಯನ್ನು.

ಎರಡು, ಪಕ್ಕದಲ್ಲಿ ಕುಳಿತು ‘ಇದು ಕೆಟ್ಟದಾಗಿದೆ’ ಎನ್ನುವ ಒಬ್ಬ ಮನುಷ್ಯ. ಮನೆಯವರು ಹೇಳುವುದಿಲ್ಲ, ಗೆಳೆಯರು ಬೆಂಕಿಯ ಚಿತ್ರ ಕಳುಹಿಸಿ ಸುಮ್ಮನಾಗುತ್ತಾರೆ.

ಮೂರು, ಕಿವಿ. ಒಳ್ಳೆಯ ಕಾಲೇಜುಗಳಲ್ಲಿ ಕಿವಿಗೇ ಪಾಠವಿರುತ್ತದೆ. ಒಂದೇ ಹಾಡನ್ನು ಎರಡು ಸಲ ಕೇಳಿಸುತ್ತಾರೆ. ಎರಡನೆಯ ಸಲ ಮಂದ್ರದಿಂದ ತಾರದವರೆಗಿನ ಧ್ವನಿಯಲ್ಲಿ ಎಲ್ಲೋ ಒಂದು ಕಡೆ ಮಾತ್ರ ಸದ್ದಿನ ಮಟ್ಟವನ್ನು 12 ಡೆಸಿಬೆಲ್ ಏರಿಸಿರುತ್ತಾರೆ. ಎಲ್ಲಿ, 250 ಹರ್ಟ್ಸಿನಲ್ಲೋ, 1,000ದಲ್ಲೋ, 4,000ದಲ್ಲೋ? ವಾರಗಳು ಕಳೆದಂತೆ 12 ಹೋಗಿ 6, ಆಮೇಲೆ 3. ಮೊದಲ ತಿಂಗಳು ನನಗೆ ಎಲ್ಲವೂ ಒಂದೇ ಥರ ಕೇಳಿಸುತ್ತಿತ್ತು, ಇವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಮೆಸ್ಸಿನಲ್ಲಿ ತಿಂಡಿ ತಿನ್ನುತ್ತಿರುವಾಗ ರೇಡಿಯೋದವರ ದನಿ ‘ಡಬ್ಬಿಯಂತೆ’ ಕೇಳಿಸುತ್ತಿರುವುದು 500 ಹರ್ಟ್ಸಿನ ಆಸುಪಾಸಿನಿಂದ ಎಂದು ಹೊಳೆಯಿತು. ಇಡ್ಲಿ ಕೈಯಲ್ಲೇ ಉಳಿಯಿತು. ಶುಲ್ಕ ಕಟ್ಟಿದ್ದು ಸಾರ್ಥಕವಾಯಿತು ಎಂದು ಅನ್ನಿಸಿದ್ದು ಆ ದಿನ.

ಪಿಯುಸಿಯಲ್ಲಿ ಯಾವ ವಿಷಯ ಓದಿರಬೇಕು? ಕಲಾ ವಿಭಾಗದವರು ಸೇರಬಹುದೇ?

ಖಾಸಗಿ ಸಂಸ್ಥೆಗಳಲ್ಲಿ ಹೆಚ್ಚಿನವು ಯಾವ ವಿಭಾಗದವರನ್ನಾದರೂ ತೆಗೆದುಕೊಳ್ಳುತ್ತವೆ. ಆದರೆ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಂಥ ಕಡೆ ಧ್ವನಿ ವಿಭಾಗಕ್ಕೆ ಪದವಿಯ ಜೊತೆಗೆ ಪಿಯುಸಿ ಮಟ್ಟದಲ್ಲಿ ಭೌತಶಾಸ್ತ್ರ ಓದಿರಬೇಕೆಂದು ಕೇಳುತ್ತಾ ಬಂದಿದ್ದಾರೆ. ಹತ್ತನೆಯ ತರಗತಿಯಲ್ಲಿರುವಾಗಲೇ ಈ ದಾರಿಯ ಮೇಲೆ ಕಣ್ಣಿದ್ದರೆ ವಿಜ್ಞಾನ ತೆಗೆದುಕೊಳ್ಳುವುದು ಕ್ಷೇಮ. ಆ ವರ್ಷದ ಪ್ರವೇಶ ಪ್ರಕಟಣೆಯನ್ನು ನೀವೇ ಓದಿ. ಪಕ್ಕದ ಮನೆಯ ಅಣ್ಣ ಹೇಳಿದ್ದು ಅವನ ಕಾಲದ್ದು.

ಗಣಿತ ಕಂಡರೆ ಭಯ. ತೊಂದರೆಯಾಗುತ್ತದೆಯೇ?

ಲಾಗರಿದಮ್ ಒಂದನ್ನು ಗೆದ್ದರೆ ಅರ್ಧ ದಾರಿ ಕಳೆದಂತೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಲಾಗ್ 2 = 0.3010 ನೆನಪಿದೆಯಲ್ಲ? ಅದನ್ನು 20ರಿಂದ ಗುಣಿಸಿ: 6.02. ಸಿಗ್ನಲ್ಲಿನ ವೋಲ್ಟೇಜ್ ಎರಡರಷ್ಟಾದರೆ 6 ಡೆಸಿಬೆಲ್ ಏರುತ್ತದೆ ಎಂಬ ನಮ್ಮ ದಿನನಿತ್ಯದ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಬಯಲಿನಲ್ಲಿ ಸ್ಪೀಕರಿನಿಂದ ಇರುವ ದೂರ ಇಮ್ಮಡಿಯಾದರೆ ಸದ್ದು ಅಷ್ಟೇ 6 ಡೆಸಿಬೆಲ್ ಇಳಿಯುತ್ತದೆ. ನಮ್ಮ ಉಪನ್ಯಾಸಕರು ಲಾಗ್ ಪುಸ್ತಕ ಕೊಟ್ಟು ಸುಮ್ಮನಾಗುವ ಬದಲು ಇದನ್ನು ಒಂದು ಸಲ ಕೇಳಿಸಿದ್ದರೆ ನಾನು ಪಿಯುಸಿಯಲ್ಲಿ ಇನ್ನೂ ನಾಲ್ಕು ಅಂಕ ಹೆಚ್ಚು ತೆಗೆಯುತ್ತಿದ್ದೆ.

ಮೂರು ವರ್ಷ ಏನು ಕಲಿಸುತ್ತಾರೆ?

ಧ್ವನಿವಿಜ್ಞಾನ, ಒಂದಿಷ್ಟು ಎಲೆಕ್ಟ್ರಾನಿಕ್ಸ್, ಡಿಜಿಟಲ್ ಆಡಿಯೋ, ಸಂಗೀತ ಸಿದ್ಧಾಂತ, ಧ್ವನಿಮುದ್ರಣ, ಮಿಕ್ಸಿಂಗ್, ಸಿನಿಮಾ ಧ್ವನಿ, ವೇದಿಕೆಯ ಧ್ವನಿ, ಹಕ್ಕು ಮತ್ತು ವ್ಯವಹಾರ.

ಧ್ವನಿವಿಜ್ಞಾನ ಎಂದಾಗ ಹುಡುಗರು ಆಕಳಿಸುತ್ತಾರೆ. ಕಾಫಿ ತೋಟದ ಮಕ್ಕಳಿಗೆ ನಾನು ಅದನ್ನು ಗೋದಾಮಿನಲ್ಲೇ ತೋರಿಸುತ್ತೇನೆ. ಕೊಯ್ಲು ಮುಗಿದು ಒಣಗಿದ ಕಾಫಿಯ ಚೀಲಗಳನ್ನು ಮಾಡಿನವರೆಗೆ ಒಟ್ಟಿರುವಾಗ ಗೋದಾಮಿನೊಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಕೈಯಲ್ಲೇ ಸತ್ತುಹೋಗುತ್ತದೆ. ಚೀಲಗಳೆಲ್ಲ ಕ್ಯೂರಿಂಗ್‌ಗೆ ಹೋದ ಮೇಲೆ ಅದೇ ಜಾಗದಲ್ಲಿ ನಿಂತು ತಟ್ಟಿ: ‘ಠಳ್’ ಎಂದು ನಾಲ್ಕೂ ಗೋಡೆ ಉತ್ತರ ಕೊಡುತ್ತವೆ. ಗೋಣಿಯ ನೇಯ್ಗೆ, ಒಳಗಿನ ಕಾಳುಗಳ ನಡುವಿನ ಸಂದು, ಅಷ್ಟು ದಪ್ಪ; ಗಾಳಿಯ ಕಂಪನ ಆ ಸಂದುಗಳಲ್ಲಿ ಉಜ್ಜಿ ಉಜ್ಜಿ ಶಾಖವಾಗಿ ಕರಗುತ್ತದೆ. ಸ್ಟುಡಿಯೋದವರು ಗಾಜಿನ ಉಣ್ಣೆಯಿಂದಲೋ ಕಲ್ಲಿನ ಉಣ್ಣೆಯಿಂದಲೋ ಮಾಡಿಸುವುದು ಇದನ್ನೇ. ಚಿಕ್ಕಮಗಳೂರು ಕಡೆಯ ಒಬ್ಬ ಹುಡುಗಿ ಪ್ರವೇಶಕ್ಕೆ ಕಳುಹಿಸಿದ ಹಾಡನ್ನು ಮುದ್ರಿಸಿದ್ದು ಚೀಲಗಳ ನಡುವೆ ಮಾಡಿಕೊಂಡ ಆರಡಿ ಜಾಗದಲ್ಲಿ. ಹಾಡಿನ ಮಧ್ಯೆ ಎಲ್ಲೂ ಗೋಡೆ ಕೇಳಿಸಲಿಲ್ಲ. ಸಂದರ್ಶನದಲ್ಲಿ ಯಾವ ಸ್ಟುಡಿಯೋ ಎಂದು ಕೇಳಿದರಂತೆ.

ಡಿಜಿಟಲ್ ಆಡಿಯೋ ತರಗತಿಯಲ್ಲಿ ಸಿ.ಡಿ.ಗೆ 44,100 ಎಂಬ ಸಂಖ್ಯೆ ಯಾಕೆ ಬಂತು ಎಂದು ಕಲಿಯುತ್ತೀರಿ. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್ ಕೇಳುತ್ತದೆ. ಅದನ್ನು ಹಿಡಿಯಲು ಸೆಕೆಂಡಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸಿನಿಮಾದವರದು 48,000. ವಾದ್ಯಗಳು ಕಂಪ್ಯೂಟರಿನ ಜೊತೆ ಮಾತನಾಡುವ ಮಿಡಿ ಭಾಷೆ 1983ರದು. ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದಿರಿ ಎಂಬುದನ್ನು ಅದು ಇಂದಿಗೂ ಹೆಚ್ಚಾಗಿ 0ಯಿಂದ 127ರ ಒಳಗೇ ಹೇಳುತ್ತದೆ. ಉಳಿದದ್ದನ್ನು ಅಲ್ಲೇ ಹೋಗಿ ಕಲಿಯಿರಿ.

ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆ ಸೌಂಡ್‌ಪ್ರೂಫ್ ಆಗುತ್ತದೆಯೇ?

ಇಲ್ಲ. ಜಿರಲೆ ಬರುತ್ತವೆ.

ಶಾಸ್ತ್ರೀಯ ಸಂಗೀತ ಕಲಿತಿರಲೇಬೇಕೇ?

ನಿಯಮದ ಪ್ರಕಾರ ಬಹಳಷ್ಟು ಕಡೆ ಬೇಕಿಲ್ಲ. ನನ್ನನ್ನು ಕೇಳಿದರೆ ಎರಡು ವರ್ಷವಾದರೂ ಯಾರ ಮುಂದಾದರೂ ಚಾಪೆ ಹಾಕಿಕೊಂಡು ಕುಳಿತಿರಬೇಕು. ಹಾಸನ ಜಿಲ್ಲೆಯವರಿಗಂತೂ ಇದಕ್ಕೆ ನೆಪ ಹೇಳುವ ಹಕ್ಕೇ ಇಲ್ಲ. ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣ ಸಂಗೀತಗಾರರ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ದೊಡ್ಡ ಗಾಯಕರಷ್ಟೇ ಅಲ್ಲ, ವರ್ಷಗಟ್ಟಲೆ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಅದೇ ಊರಿನ ವಿದ್ವಾನ್ ಆರ್. ಕೆ. ಪದ್ಮನಾಭ ಅವರು ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ತಂಬೂರಿಯ ಆಕಾರದಲ್ಲೇ ಇದೆ.

ತಂಬೂರಿಯ ವಿಷಯಕ್ಕೇ ಬರೋಣ. ಮಂದ್ರ ಷಡ್ಜದ ತಂತಿಯನ್ನೊಮ್ಮೆ ಮೀಟಿ, ಕಣ್ಣು ಮುಚ್ಚಿ ಕಾಯಿರಿ. ಯಾರೂ ಮೀಟದ ಅಂತರ ಗಾಂಧಾರ ಮೇಲಿನಿಂದ ಇಳಿದು ಬಂದಂತೆ ಕೇಳಿಸುತ್ತದೆ. ಅದು ಆ ತಂತಿಯ ಐದನೆಯ ಅನುಸ್ವರ, ಅಂದರೆ ಮೂಲ ಕಂಪನದ ಐದರಷ್ಟು ವೇಗದ ಕಂಪನ. ಈಗ ಕೀಬೋರ್ಡಿನ ಗಾಂಧಾರ ಒತ್ತಿ ನೋಡಿ: ತಂಬೂರಿಯದಕ್ಕಿಂತ ಸುಮಾರು 14 ಸೆಂಟ್ ಮೇಲಿದೆ, ಅಂದರೆ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು. ಕೀಬೋರ್ಡ್ ಸ್ಥಾಯಿಯನ್ನು ಹನ್ನೆರಡು ಸಮ ತುಂಡು ಮಾಡಿಕೊಂಡಿದೆ, ತಂಬೂರಿಗೆ ಆ ಹಂಗಿಲ್ಲ. ಭಜನೆಯ ಹಿಂದೆ ತಂಬೂರಿಯನ್ನೂ ಕೀಬೋರ್ಡಿನ ತಂತಿವಾದ್ಯಗಳ ಸದ್ದನ್ನೂ ಒಟ್ಟಿಗೆ ತುಂಬಿ, ‘ಯಾಕೋ ಕಿರಿಕಿರಿಯಾಗುತ್ತಿದೆ’ ಎನ್ನುತ್ತಾ ನನ್ನ ಬಳಿ ಬರುವವರ ರೋಗ ಹತ್ತಕ್ಕೆ ಐದು ಸಲ ಇದೇ.

ಸ್ವರ ತಿದ್ದುವ ಆಟೋ-ಟ್ಯೂನ್ ಬಂದದ್ದು 1997ರಲ್ಲಿ. ಕಟ್ಟಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುನ್ನ ನೆಲದೊಳಗಿನ ತೈಲ ಹುಡುಕಲು ಭೂಕಂಪನದ ಅಲೆಗಳನ್ನು ವಿಶ್ಲೇಷಿಸುತ್ತಿದ್ದವರು. ಬುದ್ಧಿವಂತ ಯಂತ್ರ, ಒಪ್ಪೋಣ. ಆದರೆ ತೋಡಿ ರಾಗದ ಗಾಂಧಾರದ ಕಂಪಿತವನ್ನು, ಅಂದರೆ ಆ ಸ್ವರವನ್ನು ಅಲುಗಿಸಿ ಹಾಡುವ ಗಮಕವನ್ನು, ಅದಕ್ಕೆ ಒಪ್ಪಿಸಿದರೆ ಹುಣಸೆ ಮರ ಅಲುಗಿಸಿ ಹಣ್ಣೆಲ್ಲ ಉದುರಿಸಿದಂತೆ ಗಮಕವನ್ನೆಲ್ಲ ಉದುರಿಸಿ ಬರಿಯ ಕೊಂಬೆ ಕೊಡುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಯಂತ್ರಕ್ಕೆ ಹೇಳಲು ಗಮಕ ಏನೆಂದು ನಿಮಗೆ ಗೊತ್ತಿರಬೇಕು.

ಇಲ್ಲೇ ಓದಬಹುದೇ, ಊರು ಬಿಡಲೇಬೇಕೇ?

ಇದಕ್ಕೆಂದೇ ಪದವಿ ಕೊಡುವ ಕಾಲೇಜು ಹುಡುಕಿಕೊಂಡು ಬಂದವರಿಗೆಲ್ಲ ನಾನು ಬಸ್ ನಿಲ್ದಾಣದ ದಾರಿ ತೋರಿಸಿದ್ದೇನೆ. ಕಡಿಮೆ ಖರ್ಚಿನ ದಾರಿ ಎಂದರೆ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಲ್ಲಿ ಧ್ವನಿಯಲ್ಲಿ ಡಿಪ್ಲೊಮಾ ಇದೆ. ಸಿನಿಮಾ ಧ್ವನಿಯನ್ನು ಆಳವಾಗಿ ಕಲಿಯಬೇಕೆನ್ನುವವರು ಪದವಿಯ ನಂತರ ಪುಣೆಗೋ, ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆಗೋ ಪರೀಕ್ಷೆ ಬರೆಯುತ್ತಾರೆ. ಪುಣೆಯದು 1960ರಿಂದ ಇದೆ, ಕೋಲ್ಕತ್ತಾದ್ದು 1995ರಿಂದ. ಸೀಟು ಬೆರಳೆಣಿಕೆಯಷ್ಟು, ಸ್ಪರ್ಧೆ ವಿಪರೀತ. ಚೆನ್ನೈನಲ್ಲಿ ಎ. ಆರ್. ರೆಹಮಾನ್ 2008ರಲ್ಲಿ ಕಟ್ಟಿದ ಕೆ.ಎಂ. ಸಂಗೀತ ಶಾಲೆ ಇದೆ; ಹಾಡು, ವಾದ್ಯ, ತಂತ್ರಜ್ಞಾನ ಮೂರೂ ಒಂದೇ ಸೂರಿನಡಿ. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದಲ್ಲಿ ಗಾಯನವನ್ನೋ ವಾದ್ಯವನ್ನೋ ಓದಿ, ಆಮೇಲೆ ತಂತ್ರಜ್ಞಾನದ ಕಡೆ ಬರುವುದು ಸುತ್ತುದಾರಿಯಂತೆ ಕಂಡರೂ ಕೆಟ್ಟ ದಾರಿಯಲ್ಲ.

ವಿದೇಶ?

ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ಹೆಸರು ಎಲ್ಲರಿಗೂ ಗೊತ್ತು. ಭೌತಶಾಸ್ತ್ರ, ಗಣಿತ, ಸಂಗೀತ ಮೂರರಲ್ಲೂ ಗಟ್ಟಿ ಇರುವವರು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ ಸಂಗೀತ, ಧ್ವನಿಮುದ್ರಣ ಎರಡನ್ನೂ ಕಲಿಸುವ ‘ಟೋನ್‌ಮೈಸ್ಟರ್’ ಪದವಿಯನ್ನೂ ನೋಡಿ. 1970ರಿಂದ ನಡೆಯುತ್ತಿದೆ, ನಡುವೆ ಒಂದು ವರ್ಷ ಹೊರಗಿನ ಸಂಸ್ಥೆಗಳಲ್ಲಿ ಕೆಲಸ ಮಾಡುವ ಅವಕಾಶವಿದೆ. ಹೆಸರು ಜರ್ಮನಿಯದು, ಅಲ್ಲಿನ ಡೆಟ್ಮೋಲ್ಡಿನಲ್ಲಿ 1949ರಲ್ಲೇ ಇಂಥ ಶಿಕ್ಷಣ ಶುರುವಾಗಿತ್ತು. ಖರ್ಚಿನ ಮಾತು ಬಂದಾಗ ತೋಟ ಮಾರುವ ಯೋಚನೆ ಮಾಡುವವರಿಗೆ ನನ್ನದು ಒಂದೇ ಮಾತು: ಮಾರಬೇಡಿ.

ಪದವಿ, ಡಿಪ್ಲೊಮಾ, ಸರ್ಟಿಫಿಕೇಟ್: ಯಾವುದು ಒಳ್ಳೆಯದು? ಬ್ಯಾಂಕ್ ಸಾಲ ಸಿಗುತ್ತದೆಯೇ?

ಎರಡೂ ಒಂದೇ ಗಂಟಿನ ಪ್ರಶ್ನೆ. ಪದವಿ ಕೊಡುವ ಅಧಿಕಾರ ನಮ್ಮ ದೇಶದಲ್ಲಿ ಇರುವುದು 1956ರ ಯುಜಿಸಿ ಕಾಯ್ದೆಯ ಪ್ರಕಾರ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ಅದಕ್ಕೆಂದೇ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಹವಾನಿಯಂತ್ರಿತ ಸ್ಟುಡಿಯೋ ತೋರಿಸಿ ‘ಡಿಗ್ರಿ ಕೋರ್ಸ್’ ಎಂದು ಹೇಳುವವರನ್ನು ಕೇಳಬೇಕಾದ್ದು ಒಂದೇ: ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ? ಉತ್ತರಕ್ಕೆ ಮುಂಚೆ ಟೀ ತರಿಸಿದರೆ ಅನುಮಾನಪಡಿ.

ಸ್ಟುಡಿಯೋದಲ್ಲಿ ಕೆಲಸ ಕೊಡುವವರು ಪ್ರಮಾಣಪತ್ರ ನೋಡುವುದಿಲ್ಲ, ನಿಜ. ಆದರೆ ಮುಂದೆ ಸ್ನಾತಕೋತ್ತರ ಓದಬೇಕೆಂದರೆ, ಸರ್ಕಾರಿ ಅರ್ಜಿ ಹಾಕಬೇಕೆಂದರೆ, ಪಾಠ ಹೇಳಬೇಕೆಂದರೆ ನೋಡುತ್ತಾರೆ. ಬ್ಯಾಂಕಿನವರಂತೂ ಮೊದಲು ನೋಡುವುದು ಅದನ್ನೇ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ನಿಮ್ಮ ಪಾಲಿನ ಹಣ ಹಾಕಬೇಕಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ. ಆದರೆ ಸಂಸ್ಥೆಗೆ ಮಾನ್ಯತೆ ಇರಬೇಕು. ಆರು ತಿಂಗಳ ಸರ್ಟಿಫಿಕೇಟಿಗೆ ಶಿಕ್ಷಣ ಸಾಲವಾಗುವುದಿಲ್ಲ ಎಂದಾಗ ಕೆಲವರು ಬಂಗಾರ ಅಡವಿಡುತ್ತಾರೆ. ಅಡವಿಡುವ ಮುನ್ನ ಮುಂದಿನ ಉತ್ತರ ಓದಿ.

ಕೆಲಸ ಸಿಗುತ್ತದೆಯೇ? ಸಂಬಳ ಎಷ್ಟು?

ಅಪ್ಪಂದಿರ ಪ್ರಶ್ನೆ. ಎಂಜಿನಿಯರಿಂಗ್ ಕಾಲೇಜಿನಂತೆ ಕ್ಯಾಂಪಸ್ಸಿಗೆ ಕಂಪನಿಗಳು ಸಾಲುಗಟ್ಟಿ ಬಂದು ಆರಿಸಿಕೊಳ್ಳುವ ವ್ಯವಸ್ಥೆ ಇಲ್ಲಿಲ್ಲ. ಮೊದಲ ಒಂದೆರಡು ವರ್ಷ ಸಹಾಯಕನ ಕೆಲಸ: ಕೇಬಲ್ ಸುತ್ತುವುದು, ಟೀ ತರುವುದು, ರಾತ್ರಿ ಎರಡಕ್ಕೆ ಫೈಲುಗಳಿಗೆ ಹೆಸರು ಕೊಡುವುದು. ಬೆಂಗಳೂರಿನ ಬಾಡಿಗೆ ಕಟ್ಟುವಷ್ಟು ಬರುವುದೂ ಕಷ್ಟ. ಆ ಎರಡು ವರ್ಷಕ್ಕೆ ಮನೆಯಿಂದ ಬಲ ಇದೆಯೇ ಎಂದು ಕುಳಿತು ಮಾತನಾಡಿಕೊಳ್ಳಿ, ಶುಲ್ಕಕ್ಕಿಂತ ಮುಖ್ಯವಾದ ಲೆಕ್ಕ ಅದು.

ಹಾಡುಗಳನ್ನೇ ಕಟ್ಟಿ ಬದುಕುವವರು ಕಡಿಮೆ. ಅನ್ನ ಹುಟ್ಟುವುದು ಅದರ ಸುತ್ತಲಿನ ಕೆಲಸಗಳಲ್ಲಿ. ಸಿನಿಮಾ ಮತ್ತು ಧಾರಾವಾಹಿಯ ಡಬ್ಬಿಂಗ್. ಹೆಜ್ಜೆ ಸದ್ದು, ಬಳೆ ಸದ್ದು, ಬಾಗಿಲ ಸದ್ದುಗಳನ್ನು ಮತ್ತೆ ಸೃಷ್ಟಿಸುವ ಫೋಲಿ. ಚಿತ್ರೀಕರಣದ ಸ್ಥಳದಲ್ಲೇ ಮಾತು ಹಿಡಿಯುವ ಸಿಂಕ್ ಸೌಂಡ್. ಪಾಡ್‌ಕಾಸ್ಟ್, ಕೇಳುಪುಸ್ತಕ, ಗೇಮ್, ಜಾಹೀರಾತು. ಪುಣೆಯಲ್ಲಿ ಧ್ವನಿ ಓದಿದ ರಸೂಲ್ ಪೂಕುಟ್ಟಿ 2009ರಲ್ಲಿ ಆಸ್ಕರ್ ಪಡೆದದ್ದು ಧ್ವನಿ ಮಿಶ್ರಣಕ್ಕೆ, ಸಂಗೀತಕ್ಕಲ್ಲ.

ಎಲ್ಲಕ್ಕಿಂತ ಬೇಗ ಕೈಗೆ ಕಾಸು ಬರುವುದು ವೇದಿಕೆಯ ಧ್ವನಿಯಲ್ಲಿ. ನಮ್ಮಲ್ಲಿ ಶಾಮಿಯಾನದವರೇ ಸೌಂಡ್ ಸಿಸ್ಟಂ ಹಾಕುವುದು ಹೆಚ್ಚು. ಸ್ಪೀಕರುಗಳನ್ನು ಗೋಪುರದಂತೆ ಒಟ್ಟಿ ಎದೆ ನಡುಗಿಸಿದರೆ ಸಂತೋಷ. ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮೈದಾನದಲ್ಲಿ 34 ಮೀಟರ್ ಹಿಂದೆ ಇನ್ನೊಂದು ಜೊತೆ ಸ್ಪೀಕರ್ ಇಟ್ಟರೆ, ಅದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ತಡಮಾಡಿ ಸದ್ದು ಕಳುಹಿಸಬೇಕು. ಇಲ್ಲದಿದ್ದರೆ ಹಿಂದೆ ಕುಳಿತವರಿಗೆ ಮಂತ್ರಿಗಳು ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿದಂತೆ ಕೇಳಿಸುತ್ತದೆ. ಇಷ್ಟು ಗೊತ್ತಿರುವ ಹುಡುಗ ಬಂದರೆ ಜಿಲ್ಲೆಯಲ್ಲಿ ಎಲ್ಲ ಹಬ್ಬಕ್ಕೂ ಅವನಿಗೇ ಕರೆ.

ಆಕಾಶವಾಣಿಯನ್ನೂ ಮರೆಯಬೇಡಿ, ಹಾಸನದಲ್ಲೇ ಕೇಂದ್ರವಿದೆ. ಆ ಹೆಸರು ಇಡೀ ದೇಶಕ್ಕೆ ಹೋದದ್ದು ನಮ್ಮ ಮೈಸೂರಿನಿಂದ. 1935ರಲ್ಲಿ ಅಲ್ಲಿ ಮನೆಯಲ್ಲೇ ಬಾನುಲಿ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು.

ಮಗಳನ್ನು ಕಳುಹಿಸಬಹುದೇ? ರಾತ್ರಿ ಕೆಲಸವಂತೆ.

ರಾತ್ರಿ ಕೆಲಸ ಇದೆ, ಸುಳ್ಳು ಹೇಳುವುದಿಲ್ಲ. ನರ್ಸಿಂಗಿನಲ್ಲೂ ಇದೆ, ಸಾಫ್ಟ್‌ವೇರಿನಲ್ಲೂ ಇದೆ, ಅಲ್ಲಿಗೆ ಕಳುಹಿಸುವಾಗ ಈ ಪ್ರಶ್ನೆ ಬರುವುದಿಲ್ಲ. ಈ ಕಸುಬಿನಲ್ಲಿ ಹೆಣ್ಣುಮಕ್ಕಳು ಕಡಿಮೆ ಇರುವುದು ನಿಜ. ಕಾಲೇಜು ನೋಡಲು ಹೋದಾಗ ಬೋಧಕರಲ್ಲಿ ಮಹಿಳೆಯರು ಎಷ್ಟು, ಹಾಸ್ಟೆಲ್ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ, ರಾತ್ರಿ ಸ್ಟುಡಿಯೋ ಸರದಿ ಇದ್ದರೆ ವಾಪಸು ಬಿಡುವವರು ಯಾರು ಎಂದು ಕೇಳಿ. ಗೋಣಿಚೀಲದ ನಡುವೆ ಹಾಡಿದ ಹುಡುಗಿಯ ತಂದೆ ಇವಿಷ್ಟನ್ನೂ ಕೇಳಿಯೇ ಒಪ್ಪಿದ್ದು.

ಪ್ರವೇಶಕ್ಕೆ ಯಾವ ಕೆಲಸ ಕಳುಹಿಸಬೇಕು?

ಲೂಪುಗಳನ್ನು (ಮತ್ತೆ ಮತ್ತೆ ತಿರುಗುವ ಸಿದ್ಧ ತುಣುಕುಗಳನ್ನು) ಜೋಡಿಸಿದ ಐದು ಬೀಟ್ ಕಳುಹಿಸಬೇಡಿ. ಪ್ರತಿ ಅರ್ಜಿಯಲ್ಲೂ ಅವೇ ಇರುತ್ತವೆ. ನಿಮ್ಮ ಸುತ್ತ ಮಾತ್ರ ಸಿಗುವ ಒಂದನ್ನಾದರೂ ಹಿಡಿಯಿರಿ: ದೀಪಾವಳಿಗೆ ಮನೆಮನೆಗೆ ದೀಪ ತರುವ ಅಂಟಿಗೆ ಪಂಟಿಗೆಯವರ ಹಾಡು, ಅಜ್ಜಿಯ ಸೋಬಾನೆ, ಕಾಫಿ ಪಲ್ಪರಿನ ಲಯ.

ಹೇಗೆ ಹಿಡಿಯಬಾರದು ಎಂಬುದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ಕಡೂರು ತಾಲ್ಲೂಕಿನ ಒಂದು ಜಾತ್ರೆಯಲ್ಲಿ ವೀರಗಾಸೆ ಮುದ್ರಿಸಲು ಹೋಗಿದ್ದೆ. ಸದ್ದಿನ ಮಟ್ಟ ನೋಡಲು ‘ಒಂದು ಸಲ ಬಾರಿಸಿ’ ಎಂದಾಗ ಕರಡೆಯವರು, ಸಮಾಳದವರು ಮರ್ಯಾದೆಗೆ ಮೆಲ್ಲಗೆ ಬಾರಿಸಿದರು. ನಾನು ಮೀಟರಿನ ಮುಳ್ಳು ಮೇಲಕ್ಕೆ ಮುಟ್ಟುವಂತೆ ಗುಂಡಿ ತಿರುಗಿಸಿ, ಕಟ್ಟೆಯ ಮೇಲೆ ಹಾಯಾಗಿ ಕುಳಿತೆ. ಒಡಪು ಮುಗಿದು ಕುಣಿತ ಕಾವೇರಿದ್ದೇ ತಡ, ಅದೇ ಕೈಗಳು ಬೇರೆಯವೇ ಆದವು. ಮುಕ್ಕಾಲು ಗಂಟೆಯ ಮುದ್ರಣ ಪೂರ್ತಿ ಹರಿದ ಕಾಗದದಂತೆ ಪರಪರ ಎನ್ನುತ್ತಿತ್ತು. ಡಿಜಿಟಲ್ಲಿನಲ್ಲಿ ಧ್ವನಿ ಅಲೆಯ ಶಿಖರ ಒಮ್ಮೆ ಕತ್ತರಿಸಿಹೋದರೆ ಹೋಯಿತು. ಈಗ 24 ಬಿಟ್‌ನಲ್ಲಿ ಮುದ್ರಿಸುತ್ತೇನೆ, ತಪಾಸಣೆಯ ಮಟ್ಟಕ್ಕಿಂತ 12 ಡೆಸಿಬೆಲ್ ಜಾಗ ಬಿಡುತ್ತೇನೆ, ಜಾತ್ರೆಯಾದರೆ ಇನ್ನೂ ಹೆಚ್ಚು. ಮೆಲ್ಲಗಿನ ಮುದ್ರಣವನ್ನು ಆಮೇಲೆ ಏರಿಸಿಕೊಳ್ಳಬಹುದು.

ಮುದ್ರಿಸುವ ಮುನ್ನ ಕಲಾವಿದರ ಒಪ್ಪಿಗೆ ಪಡೆಯಿರಿ, ಮುಗಿದ ಮೇಲೆ ಅವರಿಗೊಂದು ಪ್ರತಿ ಕೊಡಿ.

ಸೇರುವ ಮುನ್ನ ಏನೇನು ಕೊಳ್ಳಬೇಕು?

ತಕ್ಕಮಟ್ಟಿಗೆ ಓಡುವ ಲ್ಯಾಪ್‌ಟಾಪ್, ಎರಡು ಮೈಕ್ ಸೇರಿಸಬಹುದಾದ ಒಂದು ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಒಂದು ಮೈಕ್. ಅಷ್ಟೇ. ಸ್ಪೀಕರಿಗೆ ಅವಸರ ಬೇಡ, ನಿಮ್ಮ ಕೋಣೆ ಅದಕ್ಕೆ ಸಿದ್ಧವಿಲ್ಲ ಎಂದು ಮೇಲೆಯೇ ಹೇಳಿದೆ. ಸಾಫ್ಟ್‌ವೇರಿಗೆ ಕದ್ದ ಪ್ರತಿ ಬೇಡ. ಆಡಾಸಿಟಿ ಉಚಿತ, ರೀಪರ್ 60 ದಿನ ಬಳಸಿ ನೋಡಲು ಬಿಡುತ್ತದೆ.

ಮಲೆನಾಡಿನವರಿಗೆ ಒಂದು ಹೆಚ್ಚಿನ ಮಾತು. ಕಂಡೆನ್ಸರ್ ಮೈಕಿನ ಒಳಗಿನ ತೆಳು ಪೊರೆಗೆ ತೇವವೇ ಶತ್ರು. ಜುಲೈನಲ್ಲಿ ಬಟ್ಟೆ ಒಣಗದ ಮನೆಯಲ್ಲಿ ಅದನ್ನು ಸ್ಟ್ಯಾಂಡಿನ ಮೇಲೇ ಬಿಟ್ಟರೆ ಚಟಪಟ ಎನ್ನಲು ಶುರುಮಾಡುತ್ತದೆ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಮುದ್ರಣಕ್ಕೆ ಹತ್ತು ನಿಮಿಷ ಮೊದಲು ಹೊರಗೆ. ಅಷ್ಟು ಜೋಪಾನ ಸಾಧ್ಯವಿಲ್ಲದವರು ಡೈನಾಮಿಕ್ ಮೈಕ್ ಕೊಳ್ಳಲಿ. ಶೂರ್ ಕಂಪನಿಯ ಎಸ್‌ಎಂ58 1966ರಿಂದ ವೇದಿಕೆಗಳ ಮೇಲೆ ಬಿದ್ದು ಎದ್ದು ಬದುಕಿದೆ. ಮುದ್ರಣದಲ್ಲಿ ‘ಗುಂಯ್’ ಎಂಬ ಹಿಮ್ಮೇಳ ಕೇಳಿಸಿದರೆ ಅದು ನಮ್ಮ ವಿದ್ಯುತ್ತಿನ 50 ಹರ್ಟ್ಸ್. ಅದನ್ನು ಅಳಿಸುವ ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪುಟ್ಟ ಸಾಧನ) ಹುಡುಕುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ.

ಕೃತಕ ಬುದ್ಧಿಮತ್ತೆ ಎರಡು ನಿಮಿಷದಲ್ಲಿ ಹಾಡು ಕಟ್ಟುವಾಗ ಈ ಓದು ಬೇಕೇ?

ನನ್ನ ಪ್ರಚಾರದ ಹಾಡುಗಳ ವ್ಯಾಪಾರಕ್ಕೆ ಅದು ಈಗಾಗಲೇ ಕೈಹಾಕಿದೆ, ಹಾಗಾಗಿ ನಗುತ್ತಾ ತಳ್ಳಿಹಾಕುವ ಸ್ಥಿತಿಯಲ್ಲಿ ನಾನಿಲ್ಲ. ಹೇಗಿದ್ದರೂ ಸರಿ ಎನ್ನುವ ಸಂಗೀತ ಯಂತ್ರದ ಪಾಲಾಗುತ್ತಿದೆ. ಮೈದಾನದ ಸ್ಪೀಕರಿಗೆ ತಡ ಹಾಕುವುದು, ಮಳೆಯ ನಡುವೆ ನಟಿಯ ಮಾತನ್ನು ಸ್ವಚ್ಛವಾಗಿ ಹಿಡಿಯುವುದು, ಹೆದರಿದ ಗಾಯಕನಿಂದ ಮೂರನೆಯ ಸಲಕ್ಕೆ ಒಳ್ಳೆಯ ಹಾಡು ಹೊರಡಿಸುವುದು ಇವಕ್ಕೆ ಮನುಷ್ಯರೇ ಬರಬೇಕು. ಕೋರ್ಸ್ ಆರಿಸುವಾಗ ಇದನ್ನು ನೆನಪಿಟ್ಟುಕೊಂಡು, ಬರಿಯ ಕಂಪ್ಯೂಟರ್ ಮುಂದೆ ಕೂರಿಸುವಂಥದನ್ನು ಬಿಟ್ಟುಬಿಡಿ.

ಹಾಡು ಮಾಡಿಕೊಟ್ಟರೆ ಹಕ್ಕು ಯಾರದು?

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ, ಸ್ವರಸಂಯೋಜನೆ, ಧ್ವನಿಮುದ್ರಿಕೆ ಮೂರೂ ಬೇರೆ ಬೇರೆ ಆಸ್ತಿ. 2012ರ ತಿದ್ದುಪಡಿಯ ನಂತರ ಕವಿ ಮತ್ತು ಸಂಗೀತ ಸಂಯೋಜಕರು ಹಕ್ಕು ಬರೆದುಕೊಟ್ಟರೂ ರಾಯಲ್ಟಿಯ ಪಾಲನ್ನು ಬಿಟ್ಟುಕೊಡುವಂತಿಲ್ಲ. ಧ್ವನಿಮುದ್ರಿಕೆಯ ಹಕ್ಕು 60 ವರ್ಷ, ಅದು ಮುದ್ರಿಕೆ ತಯಾರಿಸಿದವರದು, ಅಂದರೆ ಸಾಮಾನ್ಯವಾಗಿ ಹಣ ಹೂಡಿದವರದು. ರಾತ್ರಿಯೆಲ್ಲ ಕುಳಿತು ಮಿಕ್ಸ್ ಮಾಡಿದವನಿಗೆ ಕಾಯ್ದೆ ತಾನಾಗಿ ಏನನ್ನೂ ಕೊಡುವುದಿಲ್ಲ. ಕೊಡುವುದು ಒಪ್ಪಂದ ಮಾತ್ರ. ಸ್ನೇಹಿತನೇ ಆಗಿರಲಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಕಿವಿಗೆ ತೊಂದರೆ ಇಲ್ಲವೇ?

ಇದನ್ನು ಕೇಳುವುದು ಅಮ್ಮಂದಿರು ಮಾತ್ರ, ಕೇಳಬೇಕಾದ್ದೂ ಇದನ್ನೇ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 100ಕ್ಕೆ ಹದಿನೈದೇ ನಿಮಿಷ. ಗಣೇಶನ ಮೆರವಣಿಗೆಯ ಸ್ಪೀಕರ್ ಗಾಡಿಯ ಹಿಂದೆ ಕುಣಿಯುವವರು ಆ ಹದಿನೈದು ನಿಮಿಷವನ್ನು ಮೊದಲ ಬೀದಿಯಲ್ಲೇ ಮುಗಿಸಿರುತ್ತಾರೆ. ಒಳಗಿವಿಯ ಕೂದಲ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಯರ್‌ಪ್ಲಗ್ ಜೇಬಿನಲ್ಲಿರಲಿ, ಕುಣಿಯುವುದಾದರೆ ಹಾಕಿಕೊಂಡು ಕುಣಿಯಿರಿ.

ಓದು ಮುಗಿಸಿ ಊರಿಗೆ ಮರಳಬಹುದೇ?

ನಾನು ಮರಳಿದ್ದೇನೆ. ಕನ್ನಡ ಚಿತ್ರಗೀತೆಗಳನ್ನು ಮದರಾಸಿಗೆ ಹೋಗಿ ಮುದ್ರಿಸಿಕೊಂಡು ಬರುತ್ತಿದ್ದ ಕಾಲವೊಂದಿತ್ತು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಲು ಹಟ ಹಿಡಿದದ್ದು ಅದಕ್ಕೇ. ಬೆಂಗಳೂರಿನಿಂದ ಹಾಸನಕ್ಕೆ ಆ ಕೆಲಸ ಇನ್ನೊಂದು ಹೆಜ್ಜೆ ಬರಬಾರದೆಂದೇನಿಲ್ಲ. ಈಗ ಫೈಲು ಇಂಟರ್‌ನೆಟ್ಟಿನಲ್ಲಿ ಹೋಗುತ್ತದೆ. ಆದರೆ ನೇರ ಬಂದು ಕೂರಬೇಡಿ. ಐದಾರು ವರ್ಷ ಹೊರಗಿದ್ದು, ಹತ್ತು ಜನ ನಿಮ್ಮ ಹೆಸರು ನೆನಪಿಟ್ಟುಕೊಂಡ ಮೇಲೆ ಬನ್ನಿ. ನನ್ನ ಆದಾಯದ ಮುಕ್ಕಾಲು ಪಾಲು ಇಂದಿಗೂ ನನ್ನ ಜೊತೆ ಓದಿದವರು ಕಳುಹಿಸುವ ಕೆಲಸದಿಂದ.

ನಿಮ್ಮ ಸ್ಟುಡಿಯೋ ನೋಡಲು ಬರಬಹುದೇ?

ಭಾನುವಾರ ಮಧ್ಯಾಹ್ನ ಬನ್ನಿ. ಮೊಬೈಲಿನ ಬದಲು ಪೆನ್‌ಡ್ರೈವಿನಲ್ಲಿ ವೇವ್ ಫೈಲ್ ತನ್ನಿ, ಎಂಪಿ3 ಬೇಡ. ಒಂದೇ ಹಾಡು ತನ್ನಿ. ಕೇಳಿ ಮುಗಿಯುವವರೆಗೆ ‘ಇದು ಫೈನಲ್ ಅಲ್ಲ ಸಾರ್’ ಎನ್ನಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ನೋಡಿಕೊಂಡು ಹೊರಡಿ. ಶೀಟಿನ ಮೇಲೆ ಮಳೆ ಬಿದ್ದರೆ ನಿಮ್ಮ ಹಾಡೂ ಕೇಳಿಸುವುದಿಲ್ಲ, ನನ್ನ ಬೈಗುಳವೂ ಕೇಳಿಸುವುದಿಲ್ಲ, ಕಾಫಿ ಕುಡಿದು ವಾಪಸು ಹೋಗಬೇಕಾಗುತ್ತದೆ.